ಹುಲಿಗೂ ಮರೆಯಾಗಲು ಒಂದು ಮೂಲೆ ಬೇಕು

ಕೇಳುಗರಿಗೆ ನಮಸ್ಕಾರ. ಊರಿನಿಂದ ನೆಂಟರ ಮಕ್ಕಳು ಬಂದರೆ ಮುಂಬಯಿಯ ನಮ್ಮ ಕನ್ನಡ ಮನೆಗಳವರು ಅವರನ್ನು ಕರೆದೊಯ್ಯುವ ಜಾಗಗಳಲ್ಲಿ ಬೈಕುಲ್ಲಾದ ರಾಣಿಬಾಗ್ ಒಂದು. 1862ರಲ್ಲಿ ಜನರಿಗೆ ತೆರೆದ, ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವೆಂದು ಕರೆಯುವ ಈ ಮೃಗಾಲಯವನ್ನು ಮಹಾನಗರಪಾಲಿಕೆ ಕೆಲವು ವರ್ಷಗಳಿಂದ ಹೊಸದಾಗಿ ಕಟ್ಟುತ್ತಿದೆ. ಸರಳುಗಳ ಬೋನುಗಳ ಬದಲು ಮಣ್ಣು, ಹುಲ್ಲು, ನೀರು ಇರುವ ಆವರಣಗಳು ಬಂದಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ದಪ್ಪ ಗಾಜು ಸರಳನ್ನು ಮರೆಮಾಡಿದ್ದು ನಮ್ಮ ಕಣ್ಣಿಗೆ. ಪ್ರಾಣಿಯ ಪಾಲಿಗೆ ಮುಖ್ಯವಾದುದು, ದಿನವಿಡೀ ದಿಟ್ಟಿಸುವ ಜನರಿಂದ ತಪ್ಪಿಸಿಕೊಂಡು ಮರೆಯಾಗಲು ಒಂದು ಪೊದೆಯೋ ಬಂಡೆಯ ಸಂದಿಯೋ ಅದಕ್ಕೆ ಉಂಟೇ ಎಂಬುದು. ಕಾಡಿನಲ್ಲಿ ಬಹುದೂರ ಸಂಚರಿಸುವ ಮಾಂಸಾಹಾರಿಗಳೇ ಸೆರೆಯಲ್ಲಿ ಒಂದೇ ಜಾಡಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುವ ಗೀಳಿಗೆ ಹೆಚ್ಚು ಒಳಗಾಗುತ್ತವೆ. ಸಂಜೆ ಬಾಗಿಲು ಮುಚ್ಚಿದ ಮೇಲೆ ಅವು ಬೆಳಗಿನವರೆಗೆ ಕಳೆಯುವ ಹಿಂಬದಿಯ ಕೊಠಡಿಗಳನ್ನು ನಾವ್ಯಾರೂ ನೋಡುವುದಿಲ್ಲ. ಹೊಸ ವಿನ್ಯಾಸದ ಹಣ, ಜಾಣ್ಮೆ ಎರಡೂ ಮೊದಲು ಅಲ್ಲಿಗೆ ಸಲ್ಲಬೇಕು.

2016ರಲ್ಲಿ ದಕ್ಷಿಣ ಕೊರಿಯಾದಿಂದ ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಅವುಗಳನ್ನು ಕಾಣಲು ಜನ ಮುಗಿಬಿದ್ದರು. ಮರುವರ್ಷ ದೊಡ್ಡವರ ಟಿಕೆಟ್ 5 ರೂಪಾಯಿಯಿಂದ 50ಕ್ಕೆ ಏರಿತು. ಪೆರು, ಚಿಲಿಗಳ ಕರಾವಳಿಯ ಹಕ್ಕಿಯನ್ನು ಈ ಸೆಕೆಯ ಊರಿನಲ್ಲಿ ಹಗಲಿರುಳು ತಂಪು ಯಂತ್ರ ನಡೆಸಿ ಉಳಿಸುವುದಕ್ಕಿಂತ, ನಮ್ಮ ಸಹ್ಯಾದ್ರಿಯ ಕಾಡುಪಾಪ, ಪುನುಗುಬೆಕ್ಕು, ಕೆಂಜಳಿಲುಗಳಿಗೆ ಒಳ್ಳೆಯ ಮನೆ ಕಟ್ಟುವುದು ಈ ಹವೆಗೂ ಒಗ್ಗುತ್ತದೆ, ನಮ್ಮ ಮಕ್ಕಳ ತಿಳಿವಳಿಕೆಗೂ ಒದಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂದರ್ಶಕರ ಅನುಕೂಲವೆಂದರೆ ಇನ್ನಷ್ಟು ಕಟ್ಟಡ, ಇನ್ನಷ್ಟು ಅಂಗಡಿ ಎಂದು ಭಾವಿಸಬೇಕಾಗಿಲ್ಲ. ಶುಚಿಯಾದ ಶೌಚಾಲಯ, ಕುಡಿಯುವ ನೀರು, ಗಾಲಿಕುರ್ಚಿ ಸಾಗುವ ದಾರಿ ಇವು ಬೇಕೇ ಬೇಕು. ರಾಣಿಬಾಗ್ ಮೊದಲಿಗೆ ಸಸ್ಯೋದ್ಯಾನ. ಅಲ್ಲಿನ ಬೃಹತ್ ಬಾವೊಬಾಬ್‌ನಂಥ ಹಳೆಯ ಮರಗಳ ಬೇರಿಗೆ ಕಾಂಕ್ರೀಟು ತಾಗದಂತೆ ನೋಡಿಕೊಂಡರೆ ನೆರಳಿಗಾಗಿ ಬೇರೆ ಚಾವಣಿ ಕಟ್ಟಬೇಕಾಗಿಲ್ಲ.

ಹುಲಿ ಪೊದೆಯೊಳಗೆ ಮಲಗಿ ಕಾಣಿಸದ ದಿನವೂ ಇರುತ್ತದೆ. ಆಗ ಗಾಜು ಬಡಿದು ಅದನ್ನು ಎಬ್ಬಿಸುವ ಬದಲು, ಮರದಡಿಯ ಬೆಂಚಿನಲ್ಲಿ ಕುಳಿತು, ಅದಕ್ಕೆ ದಿನವೂ ಆಹಾರ ಕೊಡುವ ಪಾಲಕರ ಬಾಯಿಂದಲೇ ಅದರ ಸ್ವಭಾವವನ್ನು ಕೇಳುವ ಅರ್ಧ ಗಂಟೆಯನ್ನು ಈ ಯೋಜನೆಯಲ್ಲೇ ಸೇರಿಸಬೇಕೆಂದು ಪಾಲಿಕೆಯನ್ನು ಕೇಳಿಕೊಳ್ಳುತ್ತೇನೆ.