ಬೋರಿನ ನೀರು, ಕೂಲಿಯ ಬಿಸಿಲು

ಕೇಳುಗರಿಗೆ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಮಕ್ಕಳ ಮುಂಬಲ್ಲಿನ ಮೇಲೆ ಅಡ್ಡಕ್ಕೆ ಕಂದು ಗೆರೆ ಕಾಣುತ್ತದೆ. ಹಲ್ಲುಜ್ಜದೆ ಕಟ್ಟಿದ ಪಾಚಿಯಲ್ಲ ಅದು. ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿಯುವ ನೀರಿನೊಡನೆ ಹೊಟ್ಟೆಗೆ ಹೋದ ಫ್ಲೋರೈಡ್ ಎಂಬ ಲವಣದ ಗುರುತು. ಆಮೇಲೆ ಎಷ್ಟು ತಿಕ್ಕಿದರೂ ಹೋಗದು.

ಫ್ಲೋರೈಡ್ ಇಲ್ಲಿನ ಬಂಡೆಯಲ್ಲೇ ಇದೆ. ಮಳೆ ಕೈಕೊಟ್ಟಂತೆಲ್ಲ ಬೋರು ಆಳಕ್ಕಿಳಿಯುತ್ತದೆ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 1.5. ಆದರೆ ದೇಹಕ್ಕೆ ಸೇರುವುದೆಷ್ಟು? 1.5 ಇರುವ ನೀರನ್ನು ನೆರಳಲ್ಲಿ ಕೂತು ದಿನಕ್ಕೆ 2 ಲೀಟರ್ ಕುಡಿದವರಿಗೆ 3 ಮಿಲಿಗ್ರಾಂ. ಏಪ್ರಿಲ್ ಬಿಸಿಲಲ್ಲಿ ಮಣ್ಣು ಹೊತ್ತು 5 ಲೀಟರ್ ಕುಡಿಯುವ ಕೂಲಿ ಹೆಣ್ಣುಮಗಳಿಗೆ ಏಳೂವರೆ. ಅವಳ ಊಟದಲ್ಲಿ ಹಾಲು ಮೊಸರು ಇಲ್ಲದಿದ್ದರೆ, ಕ್ಯಾಲ್ಸಿಯಂ ಸಾಲದ ಎಲುಬಿಗೆ ಫ್ಲೋರೈಡಿನ ಪೆಟ್ಟು ಇನ್ನೂ ಜೋರು.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ: ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಕುಡಿಯಲಿಕ್ಕೆ ಮಾತ್ರ, ಬೇಳೆಗೂ ರೊಟ್ಟಿಯ ಎಸರಿಗೂ ಬೋರಿನ ನೀರು. ಐದು ಮಂದಿಗೆ ಅಡುಗೆಯೂ ಸೇರಿದರೆ 20 ಲೀಟರಿನ ಒಂದು ಕ್ಯಾನ್ ಸಾಲದು. ಎರಡನೆಯದನ್ನು ಹೊರುವವರು ಯಾರು? ಕರೆಂಟ್ ಬಂದಾಗ ಕೂಲಿ ಬಿಟ್ಟು ಘಟಕದ ಮುಂದೆ ಪಾಳಿ ನಿಲ್ಲುವವರು ಯಾರು? ವೈದ್ಯರ ಚೀಟಿಯಲ್ಲಿ ಇದು ಬರೆದಿರುವುದಿಲ್ಲ.

ಘಟಕದಲ್ಲಿ ನೀರು ಸೋಸುವ ಆರ್‌ಒ ಪೊರೆ ಫ್ಲೋರೈಡನ್ನು ತಡೆಯುತ್ತದೆ. ಹಳತಾದರೆ, ಹರಿದರೆ ಬಿಟ್ಟುಬಿಡುತ್ತದೆ. ರುಚಿಗೆಂದು ಬೋರಿನ ನೀರು ಬೆರೆಸುವುದೂ ಉಂಟು. ಟಿಡಿಎಸ್ ಮೀಟರ್ ತೋರಿಸಿ ‘ನೀರು ಚಲೋ ಐತಿ’ ಅಂದರೆ ನಂಬಬೇಡಿ. ಅದು ಒಟ್ಟು ಲವಣ ಹೇಳುತ್ತದೆಯೇ ಹೊರತು ಫ್ಲೋರೈಡ್ ಹೇಳುವುದಿಲ್ಲ.

ಪರೀಕ್ಷೆಗೆ ಕೊಡುವಾಗ ಬೋರನ್ನು ಐದು ನಿಮಿಷ ಓಡಿಸಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ತುಂಬಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಮೇಲೆ ಊರು, ಬೋರಿನ ಗುರುತು, ತಾರೀಕು ಬರೆದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ತಲುಪಿಸಿ.

ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗದಿದ್ದರೆ, ಗದ್ದ ಎದೆಗೆ ತಾಕದಿದ್ದರೆ, ಎರಡೂ ಕೈ ತಲೆಯ ಹಿಂದಕ್ಕೆ ಹೋಗದಿದ್ದರೆ, ಅದು ಫ್ಲೋರೈಡ್ ಎಲುಬು ಕೀಲಿಗೆ ಇಳಿದ ಗುರುತಿರಬಹುದು; ನೋವಿನ ಗುಳಿಗೆ ನುಂಗುತ್ತ ಕೂರದೆ ವೈದ್ಯರಿಗೆ ತೋರಿಸಿ. ಯಾವ ಬೋರಿನ ನೀರು ಕುಡಿಯುತ್ತೀರಿ ಎಂಬುದನ್ನೂ ಹೇಳಿ. ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ಘಟಕದ ನೀರಿನ ಫ್ಲೋರೈಡ್ ವರದಿ ಯಾವ ತಿಂಗಳದ್ದು? ಕೂಲಿಗೆ ಹೋಗುವ ಮುನ್ನ, ಬೆಳಗಿನ ಆರಕ್ಕೆ ಘಟಕ ತೆರೆದಿರುತ್ತದೆಯೇ?