ಅಪ್ಪನ ಎಲೆಗಳು, ನೀಲಿ ಕಾಗದ

[ದೃಶ್ಯ: ತೆರೆದ ನೋಟ್‌ಬುಕ್. ಅಂಚಿನಲ್ಲಿ ಕಂದು ಕಲೆ.]

ನಮಸ್ಕಾರ. ಈ ಕಲೆ ನೋಡಿ. ಸ್ಟೇಪ್ಲರ್ ಪಿನ್ನಿನ ತುಕ್ಕು.

ಅಪ್ಪ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಆಗಿದ್ದರು. 1925ರಲ್ಲಿ ಶುರುವಾದ ಕೇಂದ್ರ ಅದು. ಅವರು ನೋಡುತ್ತಿದ್ದದ್ದು ಎಲೆ ತುಕ್ಕು ರೋಗ. ಕಾಫಿ ಎಲೆ ಮಗುಚಿದರೆ ಕಿತ್ತಳೆ ಪುಡಿ ಬೆರಳಿಗೆ ಅಂಟುತ್ತದಲ್ಲ, ಅದೇ. ಅಪ್ಪ ಹೋದ ಮೇಲೆ ಟ್ರಂಕ್ ತೆಗೆದೆ. ನೋಟ್‌ಬುಕ್‌ಗಳು, ಹಳೇ ಪೇಪರ್ ಮಧ್ಯೆ ಒತ್ತಿಟ್ಟ ಎಲೆಗಳು. ಮಳೆಗಾಲದ ತೇವಕ್ಕೆ ಎಲ್ಲಾ ಮೆತ್ತಗಾಗಿತ್ತು.

ಆಗ ನೆನಪಾದವರು ಆನಾ ಅಟ್ಕಿನ್ಸ್. ಇಂಗ್ಲೆಂಡಿನ ಸಸ್ಯವಿಜ್ಞಾನಿ, ಹುಟ್ಟಿದ್ದು 1799. ಎಳೆ ಮಗುವಾಗಿದ್ದಾಗಲೇ ಅಮ್ಮ ತೀರಿಕೊಂಡರು. ಸಾಕಿದ ಅಪ್ಪ ಜಾನ್ ಜಾರ್ಜ್ ಚಿಲ್ಡ್ರನ್ ವಿಜ್ಞಾನಿ. ಅವರು ಅನುವಾದಿಸಿದ ಚಿಪ್ಪುಗಳ ಪುಸ್ತಕಕ್ಕೆ ಮಗಳೇ 200ಕ್ಕೂ ಜಾಸ್ತಿ ಚಿತ್ರ ಬರೆದುಕೊಟ್ಟಳು. 1843ರಲ್ಲಿ, ಬಿಸಿಲಿನಿಂದ ಕಾಗದದ ಮೇಲೆ ಮೂಡಿಸಿದ ಸಮುದ್ರ ಪಾಚಿಗಳ ನೀಲಿ ಚಿತ್ರಗಳನ್ನು ಪುಸ್ತಕ ಮಾಡತೊಡಗಿದಳು. ಫೋಟೋ ಇರುವ ಮೊದಲ ಪುಸ್ತಕ ಅದೇ ಅನ್ನುತ್ತಾರೆ. 1852ರ ಮೊದಲ ದಿನ ಅಪ್ಪ ತೀರಿಕೊಂಡರು. ಮರುವರ್ಷ ಆಕೆ ಅಪ್ಪನ ಜೀವನ ಬರೆದು ಅಚ್ಚು ಹಾಕಿಸಿದಳು. ಅಪ್ಪ, ಅಜ್ಜ ಬರೆದ ಕವಿತೆಗಳನ್ನೂ ಅದರಲ್ಲಿ ಸೇರಿಸಿದಳು. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂತು.

[ದೃಶ್ಯ: ಬಿಸಿಲಿನಲ್ಲಿ ಗಾಜಿನ ಕೆಳಗೆ ಕಾಫಿ ಎಲೆ.]

ಅಪ್ಪನ ಎಲೆಗಳಿಂದ ನಾನೂ ಈಗ ಅಂಥದೇ ಚಿತ್ರ ಮಾಡುತ್ತಿದ್ದೇನೆ. ಆ ನೀಲಿ ಬರುವುದು ಹೀಗೆ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸೈನೈಡ್, ಎರಡನ್ನೂ ನೀರಲ್ಲಿ ಕರಗಿಸಿ ಕಾಗದಕ್ಕೆ ಬಳಿಯಬೇಕು. ಎರಡರಲ್ಲೂ ಇರುವುದು ಕಬ್ಬಿಣ. ಕತ್ತಲಲ್ಲಿ ಒಣಗಿಸಿ, ಮೇಲೆ ಎಲೆ ಇಟ್ಟು ಬಿಸಿಲಿಗಿಡಿ. ಬಿಸಿಲು ಬಿದ್ದ ಕಡೆ ಗಾಢ ನೀಲಿ. ನೆರಳಿದ್ದ ಕಡೆ ಔಷಧಿ ನೀರಲ್ಲಿ ತೊಳೆದುಹೋಗಿ ಬಿಳಿ ಉಳಿಯುತ್ತದೆ. ಅಪ್ಪನ ಎಲೆಗೂ ಕಾಗದಕ್ಕೂ ನಡುವೆ ನಾನು ತೆಳು ಪ್ಲಾಸ್ಟಿಕ್ ಹಾಳೆ ಹಾಕುತ್ತೇನೆ. ಹುಳ ತಿಂದ ತೂತು ಸಣ್ಣ ನೀಲಿ ಚುಕ್ಕೆಯಾಗಿ ಮೂಡುತ್ತದೆ. ಅದು ನನಗೆ ತುಂಬಾ ಇಷ್ಟ.

ನೋಟ್‌ಬುಕ್ ವಿಷಯಕ್ಕೆ ಬಂದರೆ, ಮೊದಲು ಪ್ರತಿ ಪುಟದ ಫೋಟೋ ತೆಗೆಯಿರಿ. ಆಮೇಲೆ ಪಿನ್ನು ನಿಧಾನವಾಗಿ ಬಿಡಿಸಿ. ಲ್ಯಾಮಿನೇಶನ್ ಮಾತ್ರ ದಯವಿಟ್ಟು ಬೇಡ, ಅಂಟಿದ ಪ್ಲಾಸ್ಟಿಕ್ ಬಿಡಿಸಲು ಹೋದರೆ ಅಕ್ಷರವೂ ಹೋಗುತ್ತದೆ. ಎಲೆ ಸುತ್ತಿದ್ದ ಹಳೇ ಪೇಪರನ್ನೂ ಸುಮ್ನೆ ಎಸೆಯಬೇಡಿ. ಎಷ್ಟೋ ಸಲ ತಾರೀಖು ಗೊತ್ತಾಗುವುದು ಅದರಿಂದಲೇ.

ಆನಾ ತನ್ನ ಪುಸ್ತಕದಲ್ಲಿ ಬರೀ 'ಎ.ಎ.' ಅಂತ ಸಹಿ ಹಾಕಿದ್ದಳು. ಮುಂದೆ ಅದನ್ನು 'ಅನಾನಿಮಸ್ ಅಮೆಚೂರ್', ಅಂದರೆ ಯಾರೋ ಹೆಸರಿಲ್ಲದ ಹವ್ಯಾಸಿ ಎಂದು ಓದಿದವರೂ ಇದ್ದರು.

[ದೃಶ್ಯ: ಚಿತ್ರದ ಹಿಂಬದಿ, ಪೆನ್ಸಿಲ್ ಹಿಡಿದ ಕೈ.]

ಅದಕ್ಕೇ ಪ್ರತಿ ಚಿತ್ರದ ಹಿಂದೆ ಅಪ್ಪನ ಪೂರ್ತಿ ಹೆಸರು, ಎಲೆ ಕಿತ್ತ ತೋಟ, ತಾರೀಖು ಬರೆಯುತ್ತಿದ್ದೇನೆ. ಇನ್ನೂ ಒಂದೂವರೆ ಟ್ರಂಕ್ ಬಾಕಿ ಇದೆ.