ಮೊದಲು ಒಣಗಲಿ

ಕೇಳುಗರಿಗೆ ನಮಸ್ಕಾರ.

ನಾನು 30 ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು. ಈಗ ನಿವೃತ್ತಿ. ಗುಜರಿ ಅಂಗಡಿ ಸುತ್ತುವುದು, ಯಾರೋ ಬೇಡವೆಂದು ಬಿಸಾಕಿದ ಚಿತ್ರ ತರುವುದು, ಅದಕ್ಕೆ ಬಣ್ಣ ಹಚ್ಚಿ ಹೊಸದಾಗಿ ಗೋಡೆಗೆ ಹಾಕುವುದು, ಇದೇ ನನ್ನ ಕೆಲಸ. ಮನೆಯವರು ಇದಕ್ಕೆ ಹುಚ್ಚು ಅನ್ನುತ್ತಾರೆ. ಅನ್ನಲಿ.

ನೀವು ಈಗ ಏನು ಮಾಡುತ್ತಿದ್ದೀರಿ ಅಂತ ನನಗೆ ಗೊತ್ತು. ಕಣದಲ್ಲಿ ಕಾಫಿ ಹರಡಿದೆ. ರೇಡಿಯೋ ಜಗಲಿಯ ಮೇಲಿದೆ. ಯಾರೋ ಒಬ್ಬರು ಕಾಫಿ ತಿರುವಿ ಹಾಕುತ್ತಿದ್ದಾರೆ. ಸರಿ, ಹಾಗಿದ್ದರೆ ಒಂದು ಪ್ರಶ್ನೆ. ಕಾಫಿ ಒಣಗಿದೆಯೋ ಇಲ್ಲವೋ ಅಂತ ನೀವು ಹೇಗೆ ನೋಡುತ್ತೀರಿ? ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತೀರಿ. ಗಲಗಲ ಅಂದರೆ ಒಣಗಿದೆ. ಅನ್ನದಿದ್ದರೆ ಇನ್ನೆರಡು ದಿನ ಕಣದಲ್ಲೇ ಬಿಡುತ್ತೀರಿ. ಹಸಿ ಕಾಫಿಯನ್ನು ಯಾರಾದರೂ ಚೀಲಕ್ಕೆ ತುಂಬುತ್ತಾರಾ? ಇಲ್ಲ. ಮತ್ತೆ ಹಸಿ ಚಿತ್ರದ ಮೇಲೆ ಯಾಕೆ ಬಣ್ಣ ಬಳಿಯುತ್ತೀರಿ?

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದೊಂದೇ. ಮೊದಲು ಒಣಗಲಿ. ಆಮೇಲೆ ಬಣ್ಣ.

ಹಳೆ ಚಿತ್ರ ಅಂದರೆ ಏನೇನು ಸಿಗುತ್ತದೆ? ಹೂದಾನಿ, ಹಿಮದ ಬೆಟ್ಟ, ಕೆರೆಯಲ್ಲಿ ಎರಡು ಹಂಸ. ಹೋಟೆಲಿನವರು ತೆಗೆದು ಹಾಕಿದ್ದು, ಬಾಡಿಗೆಯವರು ಬಿಟ್ಟು ಹೋಗಿದ್ದು. ಚಿತ್ರ ನೋಡಿ ಮೂಗು ಮುರಿಯಬೇಡಿ. ಫ್ರೇಮ್ ನೋಡಿ. ಹಳೆ ತೇಗದ ಫ್ರೇಮ್, ಅದೃಷ್ಟ ಇದ್ದರೆ ಬೀಟೆಯದು. ಅಂಥದ್ದನ್ನು ಇವತ್ತು ಹೊಸದಾಗಿ ಮಾಡಿಸಲು ಹೋದರೆ ನಿಮ್ಮ ಪರ್ಸೇ ಒಣಗುತ್ತದೆ.

ನನ್ನ ಕುದುರೆಯ ಕಥೆ ಹೇಳುತ್ತೇನೆ. ಕ್ಲಾಸಿಗೆ ಬಂದವರೆಲ್ಲ ಇದನ್ನು ಹತ್ತು ಸಲ ಕೇಳಿದ್ದಾರೆ. ನೀವು ಮೊದಲ ಸಲ ಕೇಳುತ್ತಿದ್ದೀರಿ.

ನಮ್ಮ ಕೊಡಗಿನ ಪಾಲಿಬೆಟ್ಟ ಕಡೆಯ ಒಂದು ಹಳೆ ತೋಟದ ಬಂಗಲೆ ಖಾಲಿ ಮಾಡಿದರು. ಸಾಮಾನೆಲ್ಲ ಗುಜರಿಗೆ ಬಂತು. ಅದರಲ್ಲಿ ಮೂರು ಅಡಿ ಅಗಲದ ಒಂದು ಚಿತ್ರ. ಬೀಟೆ ಮರದ ಫ್ರೇಮ್. ಒಳಗೆ ಕೆಂಪು ಕೋಟಿನ ಇಂಗ್ಲಿಷರು ಕುದುರೆ ಏರಿ ನರಿ ಬೇಟೆಗೆ ಹೊರಟಿದ್ದಾರೆ. ಸುತ್ತ ನಾಯಿಗಳು. ಎಷ್ಟು ಶುಭ್ರವಾದ ನಾಯಿಗಳು ಅಂತೀರಿ! ನಮ್ಮ ಕಡೆ ಹಂದಿ ಹಿಂದೆ ಓಡುವ ನಾಯಿಗೆ ಇಷ್ಟು ಸ್ನಾನ ಯಾರು ಮಾಡಿಸುತ್ತಾರೆ? ನರಿ ಮಾತ್ರ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. 350 ರೂಪಾಯಿ ಕೊಟ್ಟು ತಂದೆ.

ಆಗ ಕಕ್ಕಡ ತಿಂಗಳು, ಅಂದರೆ ಜುಲೈ-ಆಗಸ್ಟ್. ಹೊರಗೆ ಎಂಥ ಮಳೆ ಅಂತ ನಿಮಗೆ ಹೇಳಬೇಕಾಗಿಲ್ಲ. ನನ್ನ ನಾದಿನಿಯ ಮಗಳು ಹೊಸ ಮನೆ ಕಟ್ಟಿಸಿದ್ದಳು, ಒಕ್ಕಲಿಗೆ ಎರಡೇ ವಾರ ಇತ್ತು. ಉಡುಗೊರೆಗೆ ಇದೇ ಸರಿ ಅನ್ನಿಸಿತು. ಬೇಟೆಯವರನ್ನು ಮುಚ್ಚಿ, ಮೇಲೆ ಕಾಫಿ ಹೂವು ಬರೆಯೋಣ ಅಂದುಕೊಂಡೆ. ಹಿನ್ನೆಲೆಗೆ ಯಾವ ಬಣ್ಣ? ಅವತ್ತು ಮನೆಯಲ್ಲಿ ಮದ್ದುಸೊಪ್ಪು ಅನ್ನುವ ಔಷಧಿ ಸೊಪ್ಪಿನ ಪಾಯಸ ಆಗಿತ್ತು. ಬಟ್ಟಲಲ್ಲಿ ಆ ನೇರಳೆ ಬಣ್ಣ ನೋಡಿದೆ. ಇದೇ ಅಂತ ತೀರ್ಮಾನಿಸಿದೆ.

ಪ್ರೈಮರ್, ಅಂದರೆ ಬಣ್ಣಕ್ಕೆ ಹಿಡಿತ ಸಿಗಲು ಮೊದಲು ಹಚ್ಚುವ ಲೇಪ, ಇರಲಿಲ್ಲ. ರಸ್ತೆಗೆ ಮರ ಬಿದ್ದು ಮಡಿಕೇರಿಗೆ ಹೋಗುವಂತಿರಲಿಲ್ಲ. ಹೋಗಲಿ ಬಿಡು ಅಂದೆ. ಚಿತ್ರದ ಹಿಂದಿನ ರಟ್ಟು ಮುಟ್ಟಿದರೆ ತಣ್ಣಗಿತ್ತು. ಮಳೆಗಾಲ ಅಲ್ವಾ, ಎಲ್ಲವೂ ತಣ್ಣಗೇ ಇರುತ್ತದೆ ಅಂದುಕೊಂಡೆ. ಮಕ್ಕಳಿಗೆ 30 ವರ್ಷ ಪಾಠ ಹೇಳಿದವಳು ನಾನು! ನೇರವಾಗಿ ಬಣ್ಣ ಬಳಿದೆ. ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟೆ. ಮುಟ್ಟಿದರೆ ಕೈಗೆ ಅಂಟಲಿಲ್ಲ. ಒಣಗಿತು ಅಂತ ಗಾಜು ಹಾಕಿ, ಹಿಂದಿನಿಂದ ಮೊಳೆ ಹೊಡೆದು ಕೊಟ್ಟೆ. ಒಕ್ಕಲಿನ ದಿನ ಎಲ್ಲರೂ ಹೊಗಳಿದರು. ನಾನೂ ಸ್ವಲ್ಪ ಉಬ್ಬಿದೆ.

ಸೆಪ್ಟೆಂಬರ್ 3, ಕೈಲ್‌ಪೊಳ್ದ್, ನಮ್ಮ ಕಡೆಯ ಆಯುಧಪೂಜೆಯ ಹಬ್ಬ. ಅದೇ ಮನೆಯಲ್ಲಿ ಊಟ. ಅಕ್ಕಿ ತರಿಯ ಉಂಡೆ ಕಡಂಬಿಟ್ಟು, ಹಂದಿ ಸಾರು. ನಾನು ಎಲೆಯ ಮುಂದೆ ಕೂತಿದ್ದೇನೆ. ಎದುರಿಗೆ ವಯಸ್ಸಾದ ಮಾವ ಒಬ್ಬರು ಗೋಡೆಯನ್ನೇ ನೋಡುತ್ತಿದ್ದಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು, "ಟೀಚರೇ, ನಿಮ್ಮ ಕಾಫಿ ತೋಟಕ್ಕೆ ಯಾರದೋ ಕುದುರೆ ನುಗ್ಗಿದೆ, ನೋಡಿದ್ರಾ?"

ತಿರುಗಿ ನೋಡಿದೆ. ನೇರಳೆ ಬಣ್ಣ ಗುಳ್ಳೆ ಎದ್ದು ಸಿಪ್ಪೆ ಬಿಟ್ಟಿದೆ. ಬಿಟ್ಟ ಜಾಗದಲ್ಲಿ ಕುದುರೆಯ ಹಿಂಭಾಗ ಕಾಣುತ್ತಿದೆ. ಮುಖ ಕಂಡಿದ್ದರೂ ಮರ್ಯಾದೆ ಉಳಿಯುತ್ತಿತ್ತು. ಮೂಲೆಗಳಲ್ಲಿ ಬೂಷ್ಟು. ಹೂವಿಗಿಂತ ಬೂಷ್ಟೇ ಬೆಳ್ಳಗಿತ್ತು!

ಯಾಕೆ ಹೀಗಾಯಿತು? ಹಿಂದಿನ ರಟ್ಟಿನಲ್ಲಿ ನೀರಿತ್ತು. ಮುಂದೆ ಗಾಜು ಹಾಕಿ ಅದಕ್ಕೆ ದಾರಿ ಮುಚ್ಚಿದೆ. ಹಳೆ ಚಿತ್ರದ ಮೇಲೆ ನುಣ್ಣಗೆ ವಾರ್ನಿಷ್ ಇತ್ತು, ಅದರ ಮೇಲೆ ಹೊಸ ಬಣ್ಣಕ್ಕೆ ಹಿಡಿತ ಸಿಗಲಿಲ್ಲ. ಅಟ್ಟದಲ್ಲಿ ಒಣಗಿದ್ದು ಬಣ್ಣದ ಮೇಲಿನ ಕೆನೆ ಮಾತ್ರ, ಒಳಗೆ ಹಸಿ. ಜೊತೆಗೆ ಹೊಗೆಯ ಜಿಡ್ಡು ಬೇರೆ.

ಚಿತ್ರ ವಾಪಸ್ ತಂದೆ. ಈ ಸಲ ಜನವರಿಯವರೆಗೆ ಕಾದೆ. ಬಣ್ಣ ಬಾಳೆಪಟ್ಟೆಯ ಹಾಗೆ ಸುಲಿದು ಬಂತು. ರಟ್ಟು ಬಿಸಾಕಿದೆ. ವಾರ ಒಣಗಿಸಿದೆ. ಪ್ರೈಮರ್ ಹಚ್ಚಿದೆ. ಆದರೆ ಕುದುರೆಗಳ ಮೇಲೆ ಹಚ್ಚಲಿಲ್ಲ. ಅಷ್ಟು ಕಷ್ಟಪಟ್ಟು ಹೊರಗೆ ಬಂದಿವೆ, ಇರಲಿ ಅನ್ನಿಸಿತು. ಸವಾರರು ಹೋದರು, ನಾಯಿಗಳು ಹೋದವು. ಕುದುರೆಗಳು ಈಗ ಸಿಲ್ವರ್ ಓಕ್ ಮರಗಳ ಕೆಳಗೆ ಹಸಿರು ಗದ್ದೆಯಲ್ಲಿ ನಿಂತಿವೆ. ಅದೇ ಮನೆಯಲ್ಲಿ, ಅದೇ ಮೊಳೆಗೆ. ಮಾವ ನೋಡಿ, "ಪಾಪ, ಈಗ ಹುಲ್ಲು ಸಿಕ್ಕಿತು" ಅಂದರು.

ಕುದುರೆಯೇ ಅರ್ಧ ಸಮಯ ತಿಂದಿತು. ಇನ್ನು ಬೇಗ ಬೇಗ ಹೇಳುತ್ತೇನೆ. ಪೆನ್ನು ಹುಡುಕಬೇಡಿ, ಬರೆದುಕೊಳ್ಳುವಂಥದ್ದು ಏನೂ ಇಲ್ಲ.

ಚಿತ್ರ ಮನೆಗೆ ತಂದ ದಿನವೇ ಹಿಂದಿನ ರಟ್ಟು, ಮೊಳೆ, ಗಾಜು ಬಿಚ್ಚಿ. ಬೂಷ್ಟು ಇದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಒಣ ಬ್ರಷ್ಷಿನಿಂದ ಉದುರಿಸಿ. ಬೆಳಗಿನ ಬಿಸಿಲಿಗೆ ಬೆನ್ನು ಮೇಲೆ ಮಾಡಿ ಒಂದು ಗಂಟೆ ಇಡಿ. ಆಮೇಲೆ ಗಾಳಿ ಆಡುವ ನೆರಳಿಗೆ. ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನಾಲ್ಕೈದು ದಿನ ಬಿಟ್ಟು ಅಂಗೈಯ ಹಿಂಭಾಗವನ್ನು ಚಿತ್ರದ ಬೆನ್ನಿಗೆ ಇಟ್ಟು ನೋಡಿ. ತಣ್ಣಗಿದ್ದರೆ ಇನ್ನೂ ನೀರಿದೆ. ಮೊದಲು ಒಣಗಲಿ.

ಆಮೇಲೆ ಉಪ್ಪು ಕಾಗದ, ಅಂದರೆ ಸ್ಯಾಂಡ್ ಪೇಪರ್. 220 ನಂಬರಿನದು ಕೇಳಿ. ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಹಳೆ ಬಣ್ಣದ ಫ್ರೇಮ್ ಇದ್ದರೆ ಒಣದಾಗಿ ಉಜ್ಜಲೇಬೇಡಿ, ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರ ಇಡಿ. ಹಳೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ ಸೀಸದ ಮಿತಿ, ಹತ್ತು ಲಕ್ಷಕ್ಕೆ 90 ಭಾಗ ಅಂತ, ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ನೀರು ಹಾಕಿದ ಮೇಲೆ ಏನು ಮಾಡಬೇಕು? ಮತ್ತೆ ಒಣಗಿಸಬೇಕು. ಗೊತ್ತಾಯ್ತಲ್ಲ.

ಪ್ರೈಮರ್ ಒಂದು ಕೈ. ಒಂದು ದಿನ ಬಿಡಿ. ಮೂಲೆಯಲ್ಲಿ ಉಗುರು ಒತ್ತಿ ನೋಡಿ, ಗುರುತು ಬಿದ್ದರೆ ಇನ್ನೊಂದು ದಿನ ಬಿಡಿ. ಆಮೇಲೆ ಅಕ್ರಿಲಿಕ್ ಬಣ್ಣ, ತೆಳ್ಳಗೆ ಎರಡು ಕೈ. ದಪ್ಪಗೆ ಒಂದೇ ಸಲ ಬಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಎಣ್ಣೆ ಬಣ್ಣ ಗಾಳಿ ಕುಡಿದು ಗಟ್ಟಿಯಾಗುತ್ತದೆ, ನೀರಿನ ಬಣ್ಣ ನೀರು ಬಿಟ್ಟು ಒಣಗುತ್ತದೆ. ಮಳೆಗಾಲದ ನಮ್ಮ ಗಾಳಿಯಲ್ಲಿ ಮೊದಲೇ ನೀರು ತುಂಬಿರುವಾಗ, ಬಣ್ಣ ತನ್ನ ನೀರನ್ನು ಎಲ್ಲಿಗೆ ಬಿಡಬೇಕು ಹೇಳಿ?

ಎಲ್ಲದರ ಮೇಲೂ ಬಣ್ಣ ಹಚ್ಚಬೇಡಿ. ಅಜ್ಜನ ಫೋಟೋ ಬೇಡ. ಅರಳಿಕಟ್ಟೆಯಲ್ಲಿ ಯಾರೋ ಇಟ್ಟು ಹೋದ ದೇವರ ಪಟ ಬೇಡ, ನನಗಂತೂ ಕೈ ಬರುವುದಿಲ್ಲ. ಹಳೆ ಲಕ್ಷ್ಮಿ, ಸರಸ್ವತಿ ಪಟದ ಕೆಳ ಅಂಚಿನಲ್ಲಿ ರವಿವರ್ಮ ಪ್ರೆಸ್ ಅಂತ ಅಚ್ಚಾಗಿದ್ದರೆ ಬ್ರಷ್ ಕೆಳಗಿಡಿ. ರಾಜಾ ರವಿವರ್ಮರು ಆ ಪ್ರೆಸ್ ಶುರು ಮಾಡಿದ್ದು 1894ರಲ್ಲಿ, ಮುಂಬೈಯಲ್ಲಿ. ಕಲ್ಲಿನ ಅಚ್ಚಿನಲ್ಲಿ, ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಇಟ್ಟು ಒತ್ತಿದ ಚಿತ್ರಗಳವು. ಅನುಮಾನ ಇದ್ದರೆ ಭೂತಗನ್ನಡಿ ಹಿಡಿದು ನೋಡಿ. ಈಗಿನ ಅಚ್ಚಾದರೆ ಚುಕ್ಕಿಗಳು ನಾಟಿ ಗದ್ದೆಯ ಹಾಗೆ ಸಾಲು ಸಾಲಾಗಿರುತ್ತವೆ. ಕಲ್ಲಿನ ಅಚ್ಚಾದರೆ ರಾಗಿ ಚೆಲ್ಲಿದ ಹಾಗಿರುತ್ತವೆ.

ಗಾಜಿನ ಹಿಂದೆ ಬರೆಯುವ ಚಿತ್ರದ ಬಗ್ಗೆಯೂ ಹೇಳಬೇಕಿತ್ತು. ಅದಕ್ಕೆ ಇನ್ನೊಮ್ಮೆ ಕರೆಯಬೇಕು ಈ ರೇಡಿಯೋದವರು.

ಗೋಡೆಗೆ ಹಾಕುವಾಗ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆ ಕತ್ತರಿಸಿ ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಬೆರಳಷ್ಟು ಗಾಳಿ ಆಡಲಿ. ಮಳೆ ಹೊಡೆಯುವ ಕಡೆಯ ಗೋಡೆಗೆ ಹಾಕಲೇಬೇಡಿ.

ಕಾಫಿ ಹೂ ಅರಳಿಸುವ ಹೂಮಳೆ ಬರುವುದಕ್ಕೆ ಇನ್ನು ಸ್ವಲ್ಪ ದಿನ ಇದೆ. ಈ ಶುಕ್ರವಾರ ಮಡಿಕೇರಿ ಸಂತೆಗೆ ಬಂದರೆ ಹಾಗೇ ಒಂದು ಗುಜರಿ ಅಂಗಡಿಗೂ ಹೋಗಿ. ಚಿತ್ರ ತಂದು ಕಣದ ಪಕ್ಕದಲ್ಲಿ ಒಂದು ಮೂಲೆ ಕೇಳಿ. ಕಾಫಿಗೇ ಜಾಗ ಇಲ್ಲ ಅಂತ ಗೊಣಗುತ್ತಾರೆ. ಚಿತ್ರ ಕಾಫಿಗಿಂತ ಬೇಗ ಏಳುತ್ತದೆ ಅಂತ ಹೇಳಿ.

ನಮಸ್ಕಾರ.